ಬಡಗಣ ಚಳಿಗಾಳಿ ಮತ್ತು ಹಿಂಗಾರಿ ಬೆಳೆ

(ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗದ ರೈತರಿಗಾಗಿ ನೀಡಿದ ಭಾಷಣದ ಪಾಠ)



ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲಲು ಹೊಲಕ್ಕೆ ಹೋದವರು ಮೊದಲು ನೋಡುವುದು ಜೋಳದ ತೆನೆಯನ್ನು. ಬಂಡಿಯಿಂದಿಳಿದು ಬುತ್ತಿ ಬಿಚ್ಚುವ ಮೊದಲೇ ಮನೆಯ ಹಿರಿಯರು ಒಂದು ತೆನೆಯನ್ನು ಬಾಗಿಸಿ, ಅಂಗೈಯಲ್ಲಿ ಉಜ್ಜಿ, ಕಾಳು ಕಟ್ಟಿದೆಯೋ ಇಲ್ಲವೋ ಎಂದು ಪರೀಕ್ಷಿಸುತ್ತಾರೆ. ಕೆಲವು ವರ್ಷ ಹೊರಗಿನಿಂದ ಚೆನ್ನಾಗಿ ಕಾಣುವ ತೆನೆ ಉಜ್ಜಿದಾಗ ಬರಿ ಹೊಟ್ಟು ಉದುರಿಸುತ್ತದೆ. ರೋಗವಿಲ್ಲ, ಹುಳವಿಲ್ಲ, ಭೂಮಿಯಲ್ಲಿ ಹಸಿಯೂ ಇದೆ, ಆದರೆ ಕಾಳಿಲ್ಲ. ದೃಷ್ಟಿ ತಾಗಿತೆಂದು ಕೆಲವರು ಹೇಳುತ್ತಾರೆ. ಬೀಜ ಕೆಟ್ಟದ್ದೆಂದು ಅಂಗಡಿಯವನ ಮೇಲೆ ಜಗಳಕ್ಕೆ ಹೋಗುವವರೂ ಇದ್ದಾರೆ. ಇಂಥ ಪ್ರಸಂಗಗಳಲ್ಲಿ ಎಷ್ಟೋ ಸಲ ತಪ್ಪು ಬೀಜದ್ದೂ ಅಲ್ಲ, ದೃಷ್ಟಿಯದೂ ಅಲ್ಲ. ಮೂರು ನಾಲ್ಕು ವಾರಗಳ ಹಿಂದೆ, ತೆನೆ ಇನ್ನೂ ಎಲೆಯೊಳಗೆ ಅಡಗಿದ್ದಾಗ, ಬೀಸಿ ಹೋದ ಚಳಿಗಾಳಿಯದು.

ಹಿಂಗಾರಿ ಎಂದೊಡನೆ ರೈತರು ಮಳೆಯ ಲೆಕ್ಕ ಹಾಕುತ್ತಾರೆ. ಉತ್ತರಿ ಬಂತೇ, ಹಸ್ತ ಹೊಡೆಯಿತೇ, ಚಿತ್ತಿ ಕೈಕೊಟ್ಟಿತೇ ಎಂಬ ವಿಚಾರ ಪ್ರತಿಯೊಂದು ಕಟ್ಟೆಯ ಮೇಲೆಯೂ ನಡೆಯುತ್ತದೆ. ಅದು ಸರಿಯಾದದ್ದೇ. ಆದರೆ ಮಳೆ ನಿಂತ ಮೇಲಿನ ನಾಲ್ಕು ತಿಂಗಳ ಹವೆಯ ಬಗ್ಗೆ ಅಷ್ಟೇ ಜಾಗ್ರತೆ ಕಂಡುಬರುವುದಿಲ್ಲ. ಚಳಿಗಾಲವೆಂದರೆ ಒಂದೇ ಸಮನೆ ಥಂಡಿ ಇರುವ ಕಾಲವೆಂದು ತಿಳಿಯುವುದು ರೂಢಿ. ವಾಸ್ತವದಲ್ಲಿ ಈ ಕಾಲ ಅಲೆಅಲೆಯಾಗಿ ಬರುತ್ತದೆ. ನಾಲ್ಕು ದಿನ ಮೋಡ ಮುಸುಕಿ ರಾತ್ರಿ ಬೆಚ್ಚಗಿರುತ್ತದೆ. ಮತ್ತೆ ಐದಾರು ದಿನ ಆಕಾಶ ತೊಳೆದಂತಾಗಿ ಬೆಳಗಿನ ಜಾವ ಮೈ ನಡುಗಿಸುತ್ತದೆ. ಈ ಅಲೆಗಳು ಎಲ್ಲಿಂದ ಬರುತ್ತವೆ ಎಂಬುದನ್ನು ತಿಳಿದರೆ ಯಾವ ದಿನ ನೀರು ಬಿಡಬೇಕು, ಯಾವ ದಿನ ಔಷಧಿ ಸಿಂಪಡಿಸಬೇಕು, ಯಾವ ದಿನ ಸುಮ್ಮನಿರಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಚಳಿ ಎಲ್ಲಿಂದ ಬರುತ್ತದೆ?

ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಒಂದರ ಹಿಂದೆ ಒಂದರಂತೆ ವಾಯು ಕ್ಷೋಭೆಗಳು ಪೂರ್ವಕ್ಕೆ ಸಾಗಿಬರುತ್ತವೆ. ಇರಾನ್, ಅಫಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ಇವು ಕಾಶ್ಮೀರ ಹಾಗೂ ಪಂಜಾಬಗಳನ್ನು ತಲುಪುತ್ತವೆ. ಹವಾಮಾನ ಇಲಾಖೆಯವರು ಇವನ್ನು ಪಶ್ಚಿಮದ ಕ್ಷೋಭೆಗಳೆಂದು ಕರೆಯುತ್ತಾರೆ. ಪಂಜಾಬದ ಗೋಧಿಗೆ ಚಳಿಗಾಲದ ಮಳೆ ಕೊಡುವುದು, ಹಿಮಾಲಯಕ್ಕೆ ಹಿಮ ಕೊಡುವುದು ಇವೇ. ಕ್ಷೋಭೆಯ ಮುಂದೆ ಬೆಚ್ಚನೆಯ ತೇವದ ಗಾಳಿ ಇರುತ್ತದೆ. ಹಿಂದೆ ಒಣ ತಣ್ಣನೆಯ ಗಾಳಿ ಇರುತ್ತದೆ. ಇವೆರಡರ ನಡುವಿನ ಗಡಿ ಒಂದು ಊರನ್ನು ದಾಟಿತೆಂದರೆ ಅಲ್ಲಿ ಗಾಳಿ ಥಟ್ಟನೆ ದಿಕ್ಕು ಬದಲಿಸಿ ವಾಯವ್ಯ ಅಥವಾ ಉತ್ತರದಿಂದ ಬೀಸತೊಡಗುತ್ತದೆ.

ಆ ಗಡಿ ಉತ್ತರ ಹಿಂದೂಸ್ತಾನದಲ್ಲಿ ಸ್ಪಷ್ಟವಾಗಿರುತ್ತದೆ. ಭೀಮಾ ತೀರಕ್ಕೆ ಬರುವ ಹೊತ್ತಿಗೆ ಅದು ಮಾಸಿಹೋಗಿರುತ್ತದೆ. ಆದರೆ ಅದರ ಹಿಂದಿನ ಒಣಗಾಳಿ ರಾಜಸ್ಥಾನ, ಮಾಳವ, ಮರಾಠವಾಡಾಗಳ ಮೇಲಿಂದ ಹರಿದು ಸೊಲ್ಲಾಪುರ ದಾಟಿ ಇಂಡಿ, ಸಿಂದಗಿಗಳ ಬಯಲನ್ನು ಹೊಗುತ್ತದೆ. ದಿಲ್ಲಿಯಲ್ಲಿ ಮಳೆ ನಿಂತು ಚಳಿ ಹೆಚ್ಚಾಯಿತೆಂದು ರೇಡಿಯೋದಲ್ಲಿ ಕೇಳಿದ ಎರಡು ಮೂರು ದಿನಗಳ ಮೇಲೆ ಇಲ್ಲಿ ಬಡಗಣ ಗಾಳಿ ಬೀಸುವುದು ಅನೇಕ ಸಲ ಕಂಡುಬರುತ್ತದೆ. ನಡುವೆ ತಡೆಯುವ ಎತ್ತರದ ಬೆಟ್ಟಸಾಲು ಇಲ್ಲ. ಕೃಷ್ಣಾ ತೀರದ ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಗಳಿಗೂ ಅದೇ ಗಾಳಿ ತಲುಪುತ್ತದೆ, ಸ್ವಲ್ಪ ತಡವಾಗಿ ಮತ್ತು ಸ್ವಲ್ಪ ಮೆತ್ತಗಾಗಿ.

ಇದೇ ಗಾಳಿ ಸಮುದ್ರದ ಮೇಲೆ ಬೇರೆ ರೂಪ ತಾಳುತ್ತದೆ. ಅರಬ್ಬಿ ಸಮುದ್ರ ಚಳಿಗಾಲದಲ್ಲಿ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಕಾರವಾರ, ಮಲ್ಪೆಗಳ ಮೀನುಗಾರರಿಗೆ ಅದು ದುಡಿಮೆಯ ಕಾಲ. ಆದರೆ ಇರಾನ್, ಅರಬಸ್ತಾನಗಳ ಕಡೆ ವಾಯವ್ಯ ಗಾಳಿ ಜೋರಾಗಿ ಬೀಸಿದಾಗ ಅಲ್ಲಿ ಎದ್ದ ತೆರೆಗಳು ಸಾವಿರಾರು ಕಿಲೋಮೀಟರ್ ಸಾಗಿ ನಮ್ಮ ಪಶ್ಚಿಮ ಕರಾವಳಿಗೆ ಬಂದು ಬಡಿಯುತ್ತವೆ. ಆ ಗಾಳಿಗೆ ಅರಬರು ಶಮಾಲ್ ಎನ್ನುತ್ತಾರೆ. ಶಮಾಲ್ ಎಂದರೆ ಉತ್ತರ ಎಂದೇ ಅರ್ಥ. ಗೋವೆಯ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಈ ತೆರೆಗಳನ್ನು ಅಳೆದು ಅಧ್ಯಯನ ಮಾಡಿದ್ದಾರೆ. ದಂಡೆಯಲ್ಲಿ ಗಾಳಿಯೇ ಇಲ್ಲದ ದಿನವೂ ದೋಣಿ ತೂಗಾಡುವುದು ಹೀಗೆ. ಇಂಡಿಯ ಜೋಳಕ್ಕೂ ಕಾರವಾರದ ದೋಣಿಗೂ ಪೆಟ್ಟು ಕೊಡುವುದು ಒಂದೇ ಬಗೆಯ ಹವೆ. ಅದು ಹುಟ್ಟುವುದು ಇಬ್ಬರ ಕಣ್ಣಿಗೂ ಕಾಣದಷ್ಟು ದೂರದಲ್ಲಿ.

2022ನೆಯ ಇಸವಿಯ ಜನವರಿ 22 ಮತ್ತು 23ರಂದು ಈ ಮಾತಿಗೆ ಕಣ್ಣಾರೆ ಸಾಕ್ಷಿ ದೊರೆಯಿತು. ಪಾಕಿಸ್ತಾನದಲ್ಲಿ ಎದ್ದ ಧೂಳುಗಾಳಿ ಕರಾಚಿಯನ್ನು ದಾಟಿ, ಅರಬ್ಬಿ ಸಮುದ್ರದ ಮೇಲಿಂದ ಸೌರಾಷ್ಟ್ರ ಹಾಗೂ ಮುಂಬಯಿಗಳನ್ನು ಮುಸುಕಿತು. ಮುಂಬಯಿಯಲ್ಲಿ ಹಗಲಿನ ಉಷ್ಣತೆಯೇ 24 ಡಿಗ್ರಿಗಿಂತ ಮೇಲೇರಲಿಲ್ಲ. ಪಶ್ಚಿಮದ ಕ್ಷೋಭೆಯೊಂದರ ಬಾಲ ಸಮುದ್ರದವರೆಗೂ ಚಾಚಿದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆದರೂ ಕರಾವಳಿಯವರು ಚಳಿಯಿಂದ ಬೆಳೆ ಕಳೆದುಕೊಳ್ಳುವುದಿಲ್ಲ. ಇದಕ್ಕೆ ಕಾರಣ ನೀರು. ನೀರು ಬೇಗ ಕಾಯುವುದಿಲ್ಲ, ಬೇಗ ಆರುವುದೂ ಇಲ್ಲ. ಜನವರಿಯಲ್ಲಿ ಕಾರವಾರದ ರಾತ್ರಿಯ ಉಷ್ಣತೆ ಸುಮಾರು 20 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿರುತ್ತದೆ. ವಿಜಯಪುರ ಜಿಲ್ಲೆ ಸಮುದ್ರದಿಂದ ನೇರವಾಗಿ ಅಳೆದರೆ ಸುಮಾರು 250 ಕಿಲೋಮೀಟರ್ ದೂರ. ನಡುವೆ ಸಹ್ಯಾದ್ರಿ ಅಡ್ಡ. ನೆಲದ ಎತ್ತರ ಸುಮಾರು 600 ಮೀಟರ್. ಇಲ್ಲಿ ಚಳಿಗಾಲದ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿಯ ಹತ್ತಿರ ಇಳಿಯುತ್ತದೆ. ಬಡಗಣ ಗಾಳಿ ಬಲವಾದಾಗ 10 ಡಿಗ್ರಿಗಿಂತಲೂ ಕೆಳಗೆ ಹೋದದ್ದುಂಟು. ಬಯಲು ಸೀಮೆಯಲ್ಲಿ ಕನಿಷ್ಠ ಉಷ್ಣತೆ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಾಗಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಕುಸಿದರೆ ಹವಾಮಾನ ಇಲಾಖೆ ಅದನ್ನು ಶೀತ ಅಲೆ ಎನ್ನುತ್ತದೆ. ಕರಾವಳಿಗೆ ಈ ಮಿತಿಯನ್ನು 15 ಡಿಗ್ರಿಗೇ ಇಟ್ಟಿದ್ದಾರೆ. ಸಮುದ್ರದ ಮಗ್ಗುಲಲ್ಲಿ ಇರುವವರಿಗೆ 15 ಡಿಗ್ರಿಯೇ ಅಪರೂಪದ ಚಳಿ ಎಂಬುದು ಇದರಿಂದ ತಿಳಿಯುತ್ತದೆ.

ಎರೆ ಭೂಮಿಯಲ್ಲಿಯೂ ಇದೇ ತತ್ವ ಕೆಲಸ ಮಾಡುತ್ತದೆ. ಹಸಿ ಇರುವ ಎರೆ ಹಗಲಿನ ಕಾವನ್ನು ಹಿಡಿದಿಟ್ಟುಕೊಂಡು ರಾತ್ರಿ ನಿಧಾನವಾಗಿ ಬಿಡುತ್ತದೆ. ಒಣಗಿ ಬಿರುಕು ಬಿಟ್ಟ ಎರೆ ಸೂರ್ಯ ಮುಳುಗಿದ ಒಂದೆರಡು ತಾಸಿನಲ್ಲೇ ತಣ್ಣಗಾಗುತ್ತದೆ. ಪಕ್ಕಪಕ್ಕದ ಎರಡು ಹೊಲಗಳಲ್ಲಿ ಒಂದಕ್ಕೆ ಚಳಿ ತಾಗಿ ಇನ್ನೊಂದು ಉಳಿಯುವುದು ಈ ಕಾರಣದಿಂದಲೇ.

ಗಾಳಿ ನಿಂತ ರಾತ್ರಿಯೇ ಹೆಚ್ಚು ಅಪಾಯ

ಚಳಿಗಾಳಿ ಜೋರಾಗಿ ಬೀಸುವ ದಿನ ಎಲ್ಲರೂ ಕಂಬಳಿ ಹೊದೆಯುತ್ತಾರೆ. ಎರಡು ದಿನ ಕಳೆದು ಗಾಳಿ ನಿಂತಿತೆಂದರೆ ಇನ್ನು ಚಿಂತೆಯಿಲ್ಲ ಎಂದು ತಿಳಿಯುತ್ತಾರೆ. ಬೆಳೆಯ ಮಟ್ಟಿಗೆ ಇದು ತಪ್ಪು ತಿಳಿವಳಿಕೆ. ಗಾಳಿ ಬೀಸುವಾಗ ಮೇಲಿನ ಗಾಳಿಯೂ ನೆಲದ ಬಳಿಯ ಗಾಳಿಯೂ ಬೆರೆಯುತ್ತಿರುತ್ತವೆ. ಆದ್ದರಿಂದ ನೆಲ ತೀರ ತಣ್ಣಗಾಗುವುದಿಲ್ಲ. ಗಾಳಿ ನಿಂತು, ಆಕಾಶ ನಿರ್ಮಲವಾಗಿ, ಹವೆ ಒಣಗಿರುವ ರಾತ್ರಿಯಲ್ಲಿ ನೆಲದ ಕಾವೆಲ್ಲ ಮೇಲಕ್ಕೆ ಹಾರಿಹೋಗುತ್ತದೆ. ತಣ್ಣಗಾದ ಭಾರವಾದ ಗಾಳಿ ನೀರಿನಂತೆ ಇಳಿಜಾರು ಹಿಡಿದು ತಗ್ಗಿಗೆ ಹರಿಯುತ್ತದೆ. ಅತ್ಯಂತ ಕಡಿಮೆ ಉಷ್ಣತೆ ಕಂಡುಬರುವುದು ಇಂಥ ಮುಂಜಾವಿನಲ್ಲಿ, ಸೂರ್ಯೋದಯದ ಹೊತ್ತಿಗೆ. ಭೀಮೆಯ ದಂಡೆಯ ತಗ್ಗು, ಡೋಣಿಯ ಬಯಲು, ಹಳ್ಳದ ಮಗ್ಗುಲ ಹೊಲಗಳು, ಎತ್ತರದ ಒಡ್ಡಿನ ಮೇಲ್ಭಾಗದಲ್ಲಿ ನಿಂತ ಬೆಳೆ, ಇವುಗಳಿಗೆ ಪೆಟ್ಟು ಮೊದಲು. ಮರಡಿಯ ಮೇಲಿನ ಹೊಲ ಬಡವಾದರೂ ಈ ಒಂದು ವಿಷಯದಲ್ಲಿ ಪುಣ್ಯ ಮಾಡಿದೆ.

ಹಾಗಾದರೆ ಮುನ್ಸೂಚನೆ ಹೇಗೆ? ಯಂತ್ರವಿಲ್ಲದೆಯೂ ಕೆಲವು ಗುರುತುಗಳನ್ನು ಹಿಡಿಯಬಹುದು. ಮೊದಲು ಹಿಂಜಿದ ಅರಳೆಯಂಥ ಎತ್ತರದ ಬಿಳಿ ಮೋಡ ಪಡುವಣದಿಂದ ಹರಡುತ್ತದೆ. ಒಂದೆರಡು ರಾತ್ರಿ ಅಕಾಲದ ಸೆಕೆ ಇರುತ್ತದೆ. ಗಾಳಿ ತೆಂಕಣ ಅಥವಾ ಮೂಡಣದ್ದು. ಆಮೇಲೆ ಮೋಡ ಹರಿದು ಆಕಾಶ ಗಾಢ ನೀಲಿಯಾಗುತ್ತದೆ, ಗಾಳಿ ಬಡಗಣಕ್ಕೆ ತಿರುಗುತ್ತದೆ. ಇಬ್ಬನಿ ಒಳ್ಳೆಯ ಸಾಕ್ಷಿ. ಕಡಲೆ ಹೊಲದಲ್ಲಿ ನಡೆದರೆ ಮೊಣಕಾಲವರೆಗೆ ತೊಯ್ಯುವಷ್ಟು ಇಬ್ಬನಿ ಇದ್ದರೆ ಹವೆಯಲ್ಲಿ ತೇವವಿದೆ, ಗಾಳಿ ಸಮುದ್ರದ ಕಡೆಯಿಂದ ಬಂದದ್ದು. ರಾತ್ರಿ ವಿಪರೀತ ತಣ್ಣಗಾಗಲಾರದು. ಚಳಿ ಇದ್ದು ಎಲೆ ಒಣಗಿದ್ದರೆ ಅದು ಉತ್ತರದ ಒಣಗಾಳಿ. ಮುಂದಿನ ಮೂರು ನಾಲ್ಕು ರಾತ್ರಿ ಎಚ್ಚರವಿರಬೇಕು.

ಇಲ್ಲಿಯ ಇಬ್ಬನಿ ಮತ್ತು ಚಳಿಗಾಲದ ಮೋಡಕ್ಕೆ ಹೆಚ್ಚಾಗಿ ಬಂಗಾಳ ಉಪಸಾಗರವೇ ಮೂಲ. ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಅಲ್ಲಿ ಏಳುವ ಚಂಡಮಾರುತಗಳು ತಮಿಳುನಾಡು ಅಥವಾ ಆಂಧ್ರದ ದಂಡೆಗೆ ಅಪ್ಪಳಿಸಿದರೂ ಅವುಗಳ ಮೋಡದ ಸೆರಗು ಒಳನಾಡಿನವರೆಗೂ ಹಾಸುತ್ತದೆ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಹತ್ತಿದ ಫೆಂಗಲ್ ಚಂಡಮಾರುತದ ಉಳಿಕೆ ಕರ್ನಾಟಕದ ದಕ್ಷಿಣ ಭಾಗವನ್ನು ದಾಟಿ ಅರಬ್ಬಿ ಸಮುದ್ರವನ್ನೇ ಸೇರಿತು. ಹೀಗೆ ಈ ನಾಲ್ಕು ತಾಲೂಕುಗಳ ಹಿಂಗಾರಿ ಬೆಳೆ ಎರಡು ಕಡೆಯಿಂದ ಜಗ್ಗಾಟಕ್ಕೆ ಸಿಕ್ಕಿದೆ ಎನ್ನಬಹುದು. ಉತ್ತರದ ಒಣಗಾಳಿ ಗೆದ್ದರೆ ಚಳಿ, ಮೂಡಣದ ಸಮುದ್ರಗಾಳಿ ಗೆದ್ದರೆ ಮೋಡ ಮತ್ತು ರೋಗ.

ಜೋಳಕ್ಕೆ ಬೀಳುವ ಪೆಟ್ಟು

ಬಿಳಿಜೋಳಕ್ಕೆ ಚಳಿ ಸಂಪೂರ್ಣ ಶತ್ರುವಲ್ಲ. ತಂಪು ಹವೆಯಲ್ಲಿ ನೀರು ಆರುವುದು ಕಡಿಮೆ, ಕಾಳು ತುಂಬಲು ಹೆಚ್ಚು ದಿನ ಸಿಗುತ್ತವೆ. ಹಿಂಗಾರಿ ಜೋಳದ ಕಾಳು ಮುತ್ತಿನಂತಿರುವುದು ಇದರಿಂದಲೇ. ಅಪಾಯವಿರುವುದು ಒಂದು ಸಣ್ಣ ಅವಧಿಯಲ್ಲಿ. ತೆನೆ ಹೊರಬೀಳುವ ಮೊದಲು ಕೊನೆಯ ಎಲೆಯ ತೊಟ್ಟು ಉಬ್ಬುತ್ತದೆ; ಇದನ್ನೇ ಹೊಡೆ ಎನ್ನುತ್ತಾರೆ. ಆ ಒಂದೆರಡು ವಾರಗಳಲ್ಲಿ ಒಳಗೆ ಪರಾಗ ತಯಾರಾಗುತ್ತಿರುತ್ತದೆ. ಆಗ ನಾಲ್ಕಾರು ರಾತ್ರಿ ಉಷ್ಣತೆ 10ರಿಂದ 12 ಡಿಗ್ರಿಗಿಂತ ಕೆಳಗಿಳಿದರೆ ಪರಾಗ ಜೊಳ್ಳಾಗುತ್ತದೆ. ತೆನೆ ಹೊರಬರುತ್ತದೆ, ಹೂ ಬಿಡುತ್ತದೆ, ಆದರೆ ಗರ್ಭ ಕಟ್ಟುವುದಿಲ್ಲ. ರೈತನಿಗೆ ಗೊತ್ತಾಗುವುದು ಚರಗದ ದಿನ, ಅಥವಾ ಸಂಕ್ರಾಂತಿಗೆ ಸೀತನಿ ಸುಡಲು ತೆನೆ ಮುರಿದಾಗ. ಆಗ ಮಾಡುವಂಥದ್ದು ಏನೂ ಉಳಿದಿರುವುದಿಲ್ಲ.

ಲೆಕ್ಕ ಹಾಕಿ ನೋಡಿದರೆ ಉಪಾಯ ಬಿತ್ತನೆಯಲ್ಲೇ ಇದೆ. ಮಾಲದಂಡಿ ಜೋಳ ಬಿತ್ತಿದ ಸುಮಾರು 70ರಿಂದ 75 ದಿನಕ್ಕೆ ಹೂ ಬಿಡುತ್ತದೆ. ಸೆಪ್ಟೆಂಬರ್ ಕೊನೆಯ ವಾರ ಬಿತ್ತಿದ ಬೆಳೆ ನವೆಂಬರ್ ಕೊನೆಯಲ್ಲಿ ಹೊಡೆ ಕಟ್ಟಿ ಡಿಸೆಂಬರ್ ಮೊದಲ ಭಾಗದಲ್ಲಿ ಹೂ ಮುಗಿಸುತ್ತದೆ. ಅಕ್ಟೋಬರ್ ಕೊನೆಯಲ್ಲಿ, ಸ್ವಾತಿ ಮಳೆಗೆ ಬಿತ್ತಿದ ಬೆಳೆ ಹೊಡೆಯಾಗುವುದು ಡಿಸೆಂಬರ್ ಕೊನೆಗೆ, ಅಂದರೆ ಚಳಿಯ ಬಾಯಿಗೇ ಕೊಟ್ಟಂತೆ. ತಡವಾಗಿ ಬಿತ್ತಿದ ಜೋಳಕ್ಕೆ ಸುಳಿನೊಣದ ಕಾಟ ಹೆಚ್ಚು, ಕೊನೆಗೆ ಹಸಿ ಸಾಲದೆ ಕಾಂಡ ಒಳಗೇ ಕರಿದಾಗಿ ಬೀಳುವ ಇದ್ದಲಿ ಕೊಳೆರೋಗ ಹೆಚ್ಚು ಎಂಬುದು ರೈತರಿಗೆ ತಿಳಿದದ್ದೇ. ಇವುಗಳ ಜೊತೆಗೆ ಚಳಿಯನ್ನೂ ಸೇರಿಸಿಕೊಳ್ಳಬೇಕು. ಅಕ್ಟೋಬರ್ ಎರಡನೆಯ ವಾರ ದಾಟಿದ ಮೇಲೆ ಮಳೆ ಬಂದರೆ ಜೋಳದ ಮೋಹ ಬಿಟ್ಟು ಕಡಲೆಗೆ ತಿರುಗುವುದು ಜಾಣತನ. ಮನೆಯ ರೊಟ್ಟಿಗೆ, ದನದ ಕಣಕಿಗೆ ಜೋಳ ಬೇಕೇ ಬೇಕು ಎಂಬ ಮಾತು ಸುಳ್ಳಲ್ಲ. ಅದಕ್ಕಾಗಿ ಒಂದು ತುಂಡು ಇಟ್ಟುಕೊಳ್ಳಲಿ, ಪೂರ್ತಿ ಹೊಲವನ್ನು ಪಣಕ್ಕೆ ಹಚ್ಚಬಾರದು.

ತಳಿಯ ವಿಚಾರವೂ ಇಲ್ಲಿ ಬರುತ್ತದೆ. ಎಂ. 35-1 ಎಂದು ಹೆಸರಾದ ಮಾಲದಂಡಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ನಾಡತಳಿಯಿಂದ ಆರಿಸಿ ತೆಗೆದದ್ದು. ಇಷ್ಟು ವರ್ಷ ಕಳೆದರೂ ಹಿಂಗಾರಿ ಹೊಲದಲ್ಲಿ ಅದು ನಿಂತಿರಲು ಒಂದು ಕಾರಣವೆಂದರೆ ಅದು ಇದೇ ಚಳಿಯಲ್ಲಿ ಹುಟ್ಟಿ ಬೆಳೆದ ತಳಿ. ಮುಂಗಾರಿಗೆಂದು ಸಿದ್ಧಪಡಿಸಿದ ಹೈಬ್ರಿಡ್ ಜೋಳಗಳನ್ನು ಹಿಂಗಾರಿಗೆ ಬಿತ್ತಿದಾಗ ಚಳಿಯಲ್ಲಿ ಪರಾಗ ಕೆಟ್ಟು ತೆನೆ ಜೊಳ್ಳಾಗುವ ತೊಂದರೆ ಬಹಳ. ಅಗ್ಗಕ್ಕೆ ಸಿಕ್ಕಿತೆಂದು, ಅಥವಾ ಮುಂಗಾರಿಯಲ್ಲಿ ತೆನೆ ದೊಡ್ಡದಾಗಿತ್ತೆಂದು ಅಂಥ ಬೀಜ ತರಬಾರದು.

ಒಣಗಾಳಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಅದು ಎರೆಯ ಬಿರುಕುಗಳೊಳಗೆ ಹೊಕ್ಕು ಒಳಗಿನ ಹಸಿಯನ್ನು ಹೀರುತ್ತದೆ. ಅಂಗೈ ಹಿಡಿಯುವಷ್ಟು ಬಿರುಕು ಬಿಟ್ಟ ಹೊಲವೆಂದರೆ ಬಾಗಿಲು ತೆರೆದಿಟ್ಟ ಹಗೇವಿನಂತೆ. ಬಿರುಕು ಮೂಡುವ ಮೊದಲೇ ಎಡೆಕುಂಟೆಯಿಂದ ಎರಡು ಮೂರು ಸಲ ಎಡೆ ಹೊಡೆದು ಮೇಲೆ ಪುಡಿಮಣ್ಣಿನ ಹೊದಿಕೆ ನಿಲ್ಲಿಸಬೇಕು. ಕಳೆಯಿಲ್ಲ, ಮತ್ತೇಕೆ ಎಡೆ ಎಂದು ಕೇಳುವುದುಂಟು. ಕಳೆಗಾಗಿ ಒಂದು ಎಡೆ, ಹಸಿಗಾಗಿ ಎರಡು ಎಡೆ ಎಂದು ತಿಳಿಯಬೇಕು. ವಿಜಯಪುರದ ಒಣಬೇಸಾಯ ಸಂಶೋಧನೆ 1930ರ ದಶಕದಲ್ಲಿ ಆರಂಭವಾದಂದಿನಿಂದ ಹೇಳುತ್ತ ಬಂದ ಮಾತಿದು, ಹಳೆಯದಾಯಿತೆಂದು ಸುಳ್ಳಾಗಿಲ್ಲ.

ನೀರಿನ ಅನುಕೂಲವಿರುವವರ ಮಾತು ಬೇರೆ. ಇಂಡಿ ಶಾಖಾ ಕಾಲುವೆಯಿಂದ ಇಂಡಿ, ಸಿಂದಗಿಗಳಿಗೂ, ಮುಳವಾಡ ಮತ್ತು ಚಿಮ್ಮಲಗಿ ಏತ ನೀರಾವರಿಗಳಿಂದ ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಕಡೆಗೂ ಕೃಷ್ಣೆಯ ನೀರು ಹರಿದಿದೆ. ಒಂದೇ ನೀರು ಕೊಡಲು ಸಾಧ್ಯವಿದ್ದರೆ ಅದನ್ನು ಜೋಳ ಹೊಡೆಯಾಗುವ ಹೊತ್ತಿಗೆ ಕೊಡಬೇಕು. ಗಾಳಿ ಬಡಗಣಕ್ಕೆ ತಿರುಗಿದ್ದು ಕಂಡ ಕೂಡಲೆ ಕೊಟ್ಟರೆ ಎರಡು ಲಾಭ: ಬೇರಿಗೆ ಹಸಿ, ರಾತ್ರಿಗೆ ಕಾವು. ಹಸಿಯಾದ ನೆಲದ ಮೇಲಿನ ಗಾಳಿ ಒಂದೆರಡು ಡಿಗ್ರಿ ಬೆಚ್ಚಗಿರುತ್ತದೆ. ಪರಾಗ ಉಳಿಯಲು ಕೆಲವೊಮ್ಮೆ ಅಷ್ಟೇ ಸಾಕು. ಕೊಳವೆ ಬಾವಿಯ ನೀರು ಚಳಿಗಾಲದ ಬೆಳಿಗ್ಗೆ ಕೈಗೆ ಬೆಚ್ಚಗೆ ಹತ್ತುವುದು ಎಲ್ಲರಿಗೂ ಗೊತ್ತು. ಅದು ಕಾಲುವೆಯ ನೀರಿಗಿಂತ ಈ ಕೆಲಸಕ್ಕೆ ಮೇಲು. ಹೊಲದ ಸುತ್ತ ಕಸ ಸುಟ್ಟು ಹೊಗೆ ಹಾಕುವ ಪದ್ಧತಿಯ ಬಗ್ಗೆ ಅನೇಕರು ಕೇಳುತ್ತಾರೆ. ಗಾಳಿಯಿರುವ ರಾತ್ರಿ ಹೊಗೆ ನಿಲ್ಲುವುದಿಲ್ಲ. ಗಾಳಿಯಿಲ್ಲದ ರಾತ್ರಿಯೂ ಅದರಿಂದ ಸಿಗುವ ಲಾಭ ಅಲ್ಪ. ಆ ಕಸ ಗೊಬ್ಬರದ ಗುಂಡಿಗೆ ಹೋಗುವುದೇ ಲೇಸು.

ಚಳಿ ಬಿದ್ದಾಗ ಎಳೆಯ ಜೋಳ ಮತ್ತು ಗೋವಿನಜೋಳದ ಎಲೆಗಳು ನೇರಳೆ ಬಣ್ಣಕ್ಕೆ ತಿರುಗುವುದುಂಟು. ಬೇರು ತಣ್ಣಗಾಗಿ ರಂಜಕ ಹೀರಲಾರದೆ ಹೀಗಾಗುತ್ತದೆ. ಇದನ್ನು ಕಂಡು ಗಾಬರಿಯಾಗಿ ಡಿ.ಎ.ಪಿ. ಚೀಲ ತಂದು ಸುರಿಯುವುದು ಬೇಡ. ನೆಲ ಬೆಚ್ಚಗಾದ ಒಂದು ವಾರದಲ್ಲಿ ಬಣ್ಣ ತಾನಾಗಿ ತಿಳಿಯಾಗುತ್ತದೆ.

ಕಡಲೆ, ಕುಸುಬಿ ಮತ್ತಿತರ ಬೆಳೆಗಳು

ಕಡಲೆಗೆ ಚಳಿ ಗೆಳೆಯ. ದಿನದ ಸರಾಸರಿ ಉಷ್ಣತೆ 15 ಡಿಗ್ರಿಗಿಂತ ಕಡಿಮೆಯಾದರೆ ಹೂ ಉದುರುವುದು ನಿಜ. ಆದರೆ ಇಲ್ಲಿ ರಾತ್ರಿ ಎಷ್ಟೇ ತಣ್ಣಗಾದರೂ ಹಗಲು ಬಿಸಿಲು ಏರುವುದರಿಂದ ಸರಾಸರಿ ಅಷ್ಟು ಇಳಿಯುವುದು ಅಪರೂಪ. ಕಡಲೆಯ ಶತ್ರು ಮೂಡಣ ಗಾಳಿ ತರುವ ಮೋಡ. ಎರಡು ಮೂರು ದಿನ ಮೋಡ ಮುಸುಕಿತೆಂದರೆ ಕಾಯಿಕೊರಕದ ಹುಳ ಹೆಚ್ಚುವ ಸಂಭವವಿದೆ ಎಂದು ತಿಳಿದು ಬೆಳಿಗ್ಗೆ ಹೊಲದಲ್ಲಿ ತಿರುಗಾಡಬೇಕು. ಸಾಲಿನ ಒಂದು ಮೀಟರ್ ಉದ್ದಕ್ಕೆ ಒಂದು ಹುಳ ಕಂಡರೆ ಕ್ರಮ ಕೈಗೊಳ್ಳುವ ಸಮಯ ಬಂದಿದೆ. ಹುಳ ಎಳೆಯದಿರುವಾಗ ಬೇವಿನ ಬೀಜದ ಶೇ. 5ರ ಕಷಾಯವಾಗಲಿ, ಎಕರೆಗೆ 100 ಎಲ್.ಇ. ಪ್ರಮಾಣದಲ್ಲಿ ಎನ್.ಪಿ.ವಿ. ನಂಜಾಣುವಾಗಲಿ ಸಂಜೆಯ ಹೊತ್ತು ಸಿಂಪಡಿಸಿದರೆ ಸಾಕಾಗುತ್ತದೆ. ಬೆರಳು ಗಾತ್ರವಾದ ಮೇಲೆ ಯಾವ ಔಷಧಿಯೂ ಸುಲಭವಾಗಿ ನಾಟುವುದಿಲ್ಲ. ನೀರಾವರಿ ಇರುವವರು ತುಂಬು ಹೂವಿನಲ್ಲಿ ಕಡಲೆಗೆ ನೀರು ಬಿಡಬಾರದು; ಹೂವಿಗೆ ಮೊದಲು ಒಂದು, ಕಾಯಿ ತುಂಬುವಾಗ ಒಂದು ಸಾಕು.

ಕುಸುಬಿಗೆ ಚಳಿಯ ದಿನಗಳಲ್ಲಿ ಹೇನು ಹತ್ತುತ್ತದೆ. ಬದುವಿನ ಅಂಚಿನ ಸಾಲುಗಳಿಂದ ಆರಂಭವಾಗುವುದರಿಂದ ಅಲ್ಲಿಯೇ ನೋಡಿ ಅಷ್ಟಕ್ಕೇ ಸಿಂಪಡಿಸಿದರೆ ಖರ್ಚು ಉಳಿಯುತ್ತದೆ. ಗೋಧಿಗೆ ಚಳಿ ಬಂದಷ್ಟೂ ಒಳ್ಳೆಯದು. ಕಬ್ಬಿನ ವಿಷಯದಲ್ಲಿ ಒಂದೇ ಮಾತು: ಚಳಿ ಉತ್ತುಂಗದಲ್ಲಿರುವಾಗ ನಾಟಿ ಮಾಡಿದ ತುಂಡುಗಳು ಮೊಳೆಯಲು ತಡವಾಗುತ್ತವೆ, ಕಡಿದ ಕಬ್ಬಿನ ಕೂಳೆಯೂ ಮಂದವಾಗಿ ಚಿಗುರುತ್ತದೆ, ಸತ್ತಿತೆಂದು ಆತುರದಿಂದ ಕಿತ್ತುಹಾಕಬಾರದು.

ಲಿಂಬೆ ಮತ್ತು ದ್ರಾಕ್ಷಿ

ಇಂಡಿ ಸೀಮೆಯ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲಿಯೇ ಇದೆ. ಲಿಂಬೆಯ ಗಿಡ ಸುಮಾರು 13 ಡಿಗ್ರಿಗಿಂತ ಕೆಳಗೆ ಬೆಳವಣಿಗೆ ನಿಲ್ಲಿಸಿ ವಿಶ್ರಾಂತಿ ಪಡೆಯುತ್ತದೆ. ಈ ವಿಶ್ರಾಂತಿ ನಷ್ಟವಲ್ಲ. ಡಿಸೆಂಬರಿನ ಚಳಿಯಲ್ಲಿ ಸುಮ್ಮನಿದ್ದ ಗಿಡ ಜನವರಿ ಕೊನೆಗೆ ಹವೆ ಬೆಚ್ಚಗಾಗುತ್ತಲೇ ಒಮ್ಮೆಲೇ ಹೂವಿಗೆ ಬರುತ್ತದೆ. ಇದನ್ನೇ ಅಂಬೆ ಬಹಾರ ಎನ್ನುವುದು. ಚಳಿಯಲ್ಲಿ ಎಲೆ ಮಂಕಾಯಿತೆಂದು ಪದೇಪದೇ ನೀರು, ಯೂರಿಯಾ ಕೊಟ್ಟು ಗಿಡವನ್ನು ಎಬ್ಬಿಸುವವರು ಹೂವಿನ ಬದಲು ಬರಿ ಚಿಗುರು ಪಡೆಯುತ್ತಾರೆ. ತಣ್ಣಗಿನ ಎರೆಯಲ್ಲಿ ನಿಂತ ನೀರು ಬೇರನ್ನೂ ಕೊಳೆಸುತ್ತದೆ.

ದ್ರಾಕ್ಷಿಯವರ ಸಂಕಟ ದೊಡ್ಡದು. ಅಕ್ಟೋಬರಿನಲ್ಲಿ ಚಾಟನಿ ಮಾಡಿದ ತೋಟದಲ್ಲಿ ಡಿಸೆಂಬರ್, ಜನವರಿ ತಿಂಗಳು ಕಾಯಿ ಬೆಳೆಯುವ ಕಾಲ. ಕಾಯಿಯಲ್ಲಿ ನೀರು ಇಳಿಯುವ ಹೊತ್ತಿಗೆ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿದು ಹಗಲು ಬಿಸಿಲು ಸುಟ್ಟರೆ ಥಾಮ್ಸನ್ ತಳಿಯ ಹಸಿರು ಕಾಯಿಗಳು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ತಿನ್ನಲು ಏನೂ ದೋಷವಿಲ್ಲ, ಆದರೆ ವ್ಯಾಪಾರಿ ಅದನ್ನು ಅರ್ಧ ಬೆಲೆಗೆ ಕೇಳುತ್ತಾನೆ. ಬಣ್ಣ ಬಂದ ಮೇಲೆ ಉಪಾಯವಿಲ್ಲ. ನೀರು ಇಳಿಯುವ ಮೊದಲೇ ಗೊನೆಗಳಿಗೆ ಕಾಗದ ಸುತ್ತಿದರೆ ಬಹುಮಟ್ಟಿಗೆ ತಡೆಯಬಹುದು. ಕೂಲಿಯ ಖರ್ಚು ಹೌದು. ಹೊರದೇಶಕ್ಕೆ ಕಳಿಸುವವರಿಗೆ ಅದು ದಕ್ಕುತ್ತದೆ, ಒಣದ್ರಾಕ್ಷಿ ಮಾಡುವವರಿಗೆ ಬೇಕಾಗಿಲ್ಲ. ತಂಪಾದ ಒಣ ಹವೆಯಲ್ಲಿ ನಡುನಡುವೆ ಮೋಡ ಬಂದರೆ ಬೂದಿರೋಗ ಕಾಣಿಸಿಕೊಳ್ಳುತ್ತದೆ. ಮಳೆ ಅಥವಾ ದಟ್ಟ ಇಬ್ಬನಿಯಾದರೆ ಕೇದಿಗೆ ರೋಗ. ಎರಡಕ್ಕೂ ಔಷಧಿ ಬೇರೆ. ಗಾಳಿಯ ದಿಕ್ಕು ನೋಡದೆ ವಾರಕ್ಕೊಮ್ಮೆ ಸಿಕ್ಕಿದ್ದನ್ನು ಬೆರೆಸಿ ಹೊಡೆಯುವ ಪದ್ಧತಿಯಿಂದ ಲಾಭವಾಗುವುದು ಔಷಧಿ ಅಂಗಡಿಗೆ ಮಾತ್ರ.

ಚಳಿ ಹೋಗುವ ಕಾಲದ ಆಲಿಕಲ್ಲು

ಶಿವರಾತ್ರಿಯ ಸುಮಾರಿಗೆ ಚಳಿ ಹಿಂಜರಿಯುತ್ತದೆ. ಆಗ ಪಶ್ಚಿಮದ ಕ್ಷೋಭೆಯ ತಣ್ಣನೆಯ ಮೇಲುಗಾಳಿ ದಕ್ಷಿಣಕ್ಕೆ ಚಾಚಿ, ಕೆಳಗೆ ಸಮುದ್ರದಿಂದ ಬಂದ ತೇವದ ಬಿಸಿಗಾಳಿಯೊಡನೆ ಸೇರಿದರೆ ಆಲಿಕಲ್ಲು ಬೀಳುತ್ತದೆ. 2014ರ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿಯೂ ಹೀಗೆಯೇ ಆಯಿತು. ಒಂದೆರಡು ದಿನವಲ್ಲ, ವಾರಗಟ್ಟಲೆ ಬಿಟ್ಟುಬಿಟ್ಟು ಬಿತ್ತು. ಕೊಯ್ಲಿಗೆ ಬಂದ ಜೋಳ, ಗೋಧಿ, ಕಡಲೆ ನೆಲಕ್ಕೊರಗಿದವು. ದ್ರಾಕ್ಷಿ, ದಾಳಿಂಬೆ ತೋಟಗಳು ಕಣ್ಣೆದುರೇ ಹಾಳಾದವು. ವರ್ಷದ ದುಡಿಮೆ ಹತ್ತು ನಿಮಿಷದಲ್ಲಿ ಹೋದುದನ್ನು ಕಂಡವರು ಈ ಭಾಗದಲ್ಲಿ ಬಹಳ ಮಂದಿ ಇದ್ದಾರೆ.

ಆಲಿಕಲ್ಲನ್ನು ತಡೆಯುವ ಉಪಾಯ ಬಯಲು ಹೊಲದವರಿಗೆ ಇಲ್ಲ. ಕಾಳು ಗಟ್ಟಿಯಾಗಿ, ಬುಡದಲ್ಲಿ ಕಪ್ಪು ಚುಕ್ಕೆ ಮೂಡಿದ ಜೋಳವನ್ನು ಆಳು ಸಿಗಲಿಲ್ಲವೆಂದು ಹೊಲದಲ್ಲಿ ಬಿಡಬಾರದು. ಕಪ್ಪು ಚುಕ್ಕೆ ಬಂದ ಮೇಲೆ ತೂಕ ಹೆಚ್ಚುವುದಿಲ್ಲ. ಕೊಯ್ದ ತೆನೆ ಕಣದಲ್ಲಿದ್ದರೆ ತಾಡಪತ್ರಿ ಕೈಗೆಟಕುವಂತಿರಬೇಕು. ಕಲ್ಲು ಬಿದ್ದ ದ್ರಾಕ್ಷಿ, ದಾಳಿಂಬೆ, ಲಿಂಬೆ ಗಿಡಗಳ ಮುರಿದ ಟೊಂಗೆಗಳನ್ನು ಸವರಿ, ಗಾಯದ ಮೂಲಕ ರೋಗ ಹೊಗದಂತೆ ಶೇ. 1ರ ಬೋರ್ಡೋ ದ್ರಾವಣವನ್ನು ಸಾಧ್ಯವಾದಷ್ಟು ಬೇಗ ಸಿಂಪಡಿಸಬೇಕು. ಬೆಳೆ ವಿಮೆ ಮಾಡಿಸಿದವರು ಆಲಿಕಲ್ಲಿನ ಹಾನಿಯನ್ನು 72 ತಾಸಿನೊಳಗೆ ತಿಳಿಸಬೇಕೆಂಬ ನಿಯಮವಿದೆ. ತಡಮಾಡಿ ಹಕ್ಕು ಕಳೆದುಕೊಂಡವರ ಸಂಖ್ಯೆ ಕಡಿಮೆಯೇನಲ್ಲ. ಹೊಲ ನೋಡಿ ಕಣ್ಣೀರು ಒರೆಸಿಕೊಂಡ ದಿನವೇ ಆ ಕೆಲಸವನ್ನೂ ಮಾಡಬೇಕು.

ಈಗ ಮುನ್ಸೂಚನೆ ಹಳ್ಳಿಯವರೆಗೂ ಬಂದಿದೆ. ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಆಧರಿಸಿದ ಕೃಷಿ ಸಲಹೆ ಮಂಗಳವಾರ ಮತ್ತು ಶುಕ್ರವಾರ ಹೊರಬೀಳುತ್ತದೆ; ಮೇಘದೂತ ಎಂಬ ಮೊಬೈಲ್ ಸಾಧನದಲ್ಲಿ ಕನ್ನಡದಲ್ಲಿಯೂ ಓದಬಹುದು. ಅದರಲ್ಲಿ ಎಲ್ಲರೂ ಮಳೆಯ ಸಾಲನ್ನಷ್ಟೇ ನೋಡಿ ಮುಚ್ಚಿಡುತ್ತಾರೆ. ನವೆಂಬರ್ ನಂತರ ನೋಡಬೇಕಾದದ್ದು ಕನಿಷ್ಠ ಉಷ್ಣತೆ ಮತ್ತು ಗಾಳಿಯ ದಿಕ್ಕು ಎಂಬ ಎರಡು ಸಾಲುಗಳನ್ನು. ಆದರೆ ಆ ಅಂಕಿ ಜಿಲ್ಲೆಗೋ ತಾಲೂಕಿಗೋ ಕೊಟ್ಟದ್ದು. ಡೋಣಿಯ ತಗ್ಗಿನ ಹೊಲ ಅದಕ್ಕಿಂತ ಎರಡು ಡಿಗ್ರಿ ತಣ್ಣಗಿರಬಹುದು. ಕನಿಷ್ಠ ಉಷ್ಣತೆ ತೋರುವ ಸಣ್ಣ ಉಷ್ಣಮಾಪಕವೊಂದನ್ನು ತಂದು, ಜೋಳದ ಹೊಲದಲ್ಲಿ ತೆನೆಯ ಎತ್ತರಕ್ಕೆ, ನೆರಳಿನಲ್ಲಿ ಕಟ್ಟಿ, ಡಿಸೆಂಬರಿನಿಂದ ಸಂಕ್ರಾಂತಿಯವರೆಗೆ ದಿನಾಲು ಬೆಳಿಗ್ಗೆ ಬರೆದಿಟ್ಟರೆ ತಗ್ಗಿನ ಹೊಲಕ್ಕೂ ಎತ್ತರದ ಹೊಲಕ್ಕೂ ಇರುವ ಅಂತರ ಒಂದೇ ವರ್ಷದಲ್ಲಿ ತಿಳಿಯುತ್ತದೆ. ಊರಿಗೆ ಎರಡು ಸಾಕು. ಶಾಲೆಯ ಹುಡುಗರೂ ಬರೆಯಬಲ್ಲರು. ಮುಂದಿನ ಹಿಂಗಾರಿಗೆ ಯಾವ ಹೊಲಕ್ಕೆ ಜೋಳ, ಯಾವುದಕ್ಕೆ ಕಡಲೆ ಎಂಬುದನ್ನು ಆ ವಹಿ ನೋಡಿ ಗೊತ್ತುಮಾಡಬಹುದು.